ತಂಗಿಯ ಲೋಟದ ಹಾಲು

ಆಗೆಲ್ಲ ಜಂಗಮಕೋಟೆಯ ನಮ್ಮ ಮನೆಯಲ್ಲಿ ಮೊದಲು ರೇಷ್ಮೆಹುಳಕ್ಕೆ ಜಾಗ, ಆಮೇಲೆ ಮನುಷ್ಯರಿಗೆ. ಹುಳ ಪೊರೆ ಬಿಡುವ ನಾಲ್ಕನೇ ಜ್ವರ ಕಳೆದು ಎದ್ದರೆ, ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಮಳೆ ಬಿದ್ದ ಹಾಗೆ. ಮನೆ ತುಂಬ ಹಿಪ್ಪುನೇರಳೆಯ ಹಸಿ ವಾಸನೆ. ನನ್ನನ್ನು ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿ ಸೊಪ್ಪು ಹೆಚ್ಚಲು ಕೂರಿಸಿದ್ದರು. ತಂಗಿ ಸರೋಜ ಮಾತ್ರ ಶಿಡ್ಲಘಟ್ಟದ ಹೈಸ್ಕೂಲಿಗೆ ಹೋಗುತ್ತಿದ್ದಳು.

ಆ ಬೇಸಿಗೆ ಅವಳಿಗೆ ಇಂಗ್ಲಿಷ್ ಪರೀಕ್ಷೆ. ನಮ್ಮ ಹಸು ಕರೆದ ಹಾಲೆಲ್ಲ ತಿಂಗಳ ಲೆಕ್ಕದ ವರ್ತನೆ ಮನೆಗಳಿಗೆ ಹೋಗುತ್ತಿತ್ತು. ಅದರಲ್ಲೇ ಒಂದಿಷ್ಟು ಉಳಿಸಿ, ಬೆರಣಿ ಒಲೆಯಲ್ಲಿ ಕಾಯಿಸಿ, ಬೆಲ್ಲ ಹಾಕಿ, ಅಪ್ಪ ತಾನೇ ಲೋಟಕ್ಕೆ ಬಗ್ಗಿಸಿ ಅವಳ ಕೈಗೆ ಕೊಡುತ್ತಿದ್ದ. ನನಗೆ ಮುದ್ದೆ, ಉಪ್ಸಾರು. ಮುದ್ದೆ ನನಗಿಷ್ಟವೇ. ಆದರೆ ಅಪ್ಪ ಕೈಯಾರೆ ನನಗೇನೂ ಕೊಟ್ಟವನಲ್ಲ. ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೆ.

ಒಂದು ಸಂಜೆ ಸರೋಜ ಕೆನೆಯ ಮೀಸೆ ಹೊತ್ತು ಉರು ಹೊಡೆಯುತ್ತಿದ್ದಳು.

"ಮೊಟ್ಟೆ ಕೌಂಟಬಲ್. ಹಾಲು ಅನ್‌ಕೌಂಟಬಲ್."

"ಹಂಗಂದ್ರೆ ಏನೇ?" ಅಂದೆ.

"ಮೊಟ್ಟೆ ಎಣಿಸಬೋದು ಕಣೇ ಅಕ್ಕ. ಹಾಲು ಎಣಿಸಕ್ಕಾಗಲ್ಲ."

"ಯಾಕಾಗಲ್ಲ? ನಿಂಗೊಂದು ಲೋಟ, ನಂಗೆ ಒಂದೂ ಇಲ್ಲ. ಎಣಿಸಿದ್ನಲ್ಲ!"

ಅಪ್ಪ ಬಾಗಿಲಲ್ಲೇ ನಿಂತಿದ್ದ. "ನೀನ್ಯಾವ ಪರೀಕ್ಷೆ ಬರೀಬೇಕಮ್ಮ?" ಅಂದು ನಕ್ಕ.

ಸರೋಜ ನಗಲಿಲ್ಲ. ಉಳಿದ ಅರ್ಧ ಲೋಟ ನನ್ನ ಕಡೆ ಚಾಚಿದಳು. "ತಗೊಳ್ಳೇ, ಕುಡಿ."

"ನಿನ್ನ ಎಂಜಲು ಯಾರಿಗೆ ಬೇಕು?" ಅಂದು ಸೊಪ್ಪು ಹೆಚ್ಚಿದೆ. ಅವಳು ಕೊಟ್ಟರೆ ಏನು ಬಂತು? ಕೊಡಬೇಕಾದವನು ನಗುತ್ತಲೇ ಹುಳದ ತಟ್ಟೆ ನೋಡಲು ಹೋಗಿದ್ದ.

ಹೋದ ತಿಂಗಳು ಸರೋಜ, ಅಪ್ಪನ ಮನೆಯಲ್ಲೇ ಉಳಿದ ನನ್ನನ್ನು ನೋಡಲು ಬಂದಿದ್ದಳು. ಇಂಗ್ಲಿಷ್ ಮೇಡಂ ಆಗಿ ರಿಟೈರಾದವಳು. ಡಾಕ್ಟರು ಅವಳಿಗೆ ಹಾಲು ಬಿಡಿಸಿದ್ದಾರಂತೆ. ಸೊಸೆ ನನಗೊಬ್ಬಳಿಗೇ ಲೋಟ ತಂದಿಟ್ಟಳು. ಪಕ್ಕದಲ್ಲಿ ಮೊಮ್ಮಗಳು ಅದೇ ಪಾಠ ಓದುತ್ತಿದ್ದಳು.

"ಅಜ್ಜಿ, ಮಿಲ್ಕ್ ಅನ್‌ಕೌಂಟಬಲ್."

"ನಿಮ್ಮಜ್ಜಿ ಹತ್ರ ಹಂಗನ್ಬೇಡ ಕಣಮ್ಮ," ಅಂದಳು ಸರೋಜ, ನನ್ನ ಲೋಟವನ್ನೇ ನೋಡುತ್ತ. "ಅವಳು ಇನ್ನೂ ಎಣಿಸ್ತಾ ಅವ್ಳೆ."

ಅರ್ಧ ಬೇಕೇನೇ ಅಂತ ನಾನು ಅವಳನ್ನು ಕೇಳಲಿಲ್ಲ. ಪೂರ್ತಿ ಕುಡಿದೆ. ಪ್ಯಾಕೆಟ್ ಹಾಲು, ಬೆರಣಿ ಹೊಗೆಯ ವಾಸನೆಯಿಲ್ಲ. ಹುಳದ ತಟ್ಟೆಗಳಿದ್ದ ಕಡೆ ಈಗ ಕಾರು ನಿಲ್ಲುತ್ತದೆ, ಹಸು ಕಟ್ಟುವ ಗೂಟವೂ ಉಳಿದಿಲ್ಲ. ಹಾಲಿಗೇನು, ಫ್ರಿಜ್ಜು ತುಂಬ ಇದೆ. ಬಗ್ಗಿಸಿ ಕೊಡಬೇಕಾಗಿದ್ದ ಕೈ ಒಂದು ದಿನವೂ ನನ್ನ ಕಡೆ ಚಾಚದೆಯೇ ಮಣ್ಣಿಗೆ ಹೋಯಿತು.