ಉಣ್ಣಲೊಲ್ಲದ ಕಾಳವ್ವ

ನಮ್ಮ ಮನೆಯಲ್ಲಿ ಒಬ್ಬಳು ಮೂರು ವಾರ ಬಾಯಿಗೆ ಏನನ್ನೂ ಹಾಕಿಕೊಳ್ಳಲಿಲ್ಲ. ಹೆಸರು ಕಾಳವ್ವ. ಎಂಟು ಕಾಲು, ಎಂಟು ಕಣ್ಣು, ಮೈತುಂಬ ಕೂದಲು. ವಾಸ, ಅಡುಗೆಮನೆಯ ಕಟ್ಟೆಯ ಮೇಲಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ.

ಗಾಬರಿ ಬೇಡ. ಕಾಳವ್ವ ಟರಂಟುಲಾ ಎಂಬ ಜಾತಿಯ ಜೇಡ. ಇನ್ನೂ ಮರಿ. ಕಾಲೆಲ್ಲ ಚಾಚಿ ನಿಂತರೂ ಐದು ರೂಪಾಯಿ ನಾಣ್ಯದಷ್ಟು ಅಗಲ. (ಹೀಗೆ ಧೈರ್ಯ ಹೇಳುತ್ತಿರುವ ನಾನು ಮೊದಲ ದಿನ ಕುರ್ಚಿ ಹತ್ತಿ ನಿಂತಿದ್ದೆ. ಸುಳ್ಳೇಕೆ?)

ಅದನ್ನು ಮನೆಗೆ ತಂದವಳು ಮಗಳು ಸಹನಾ. ಬಿಎಸ್ಸಿ ಎರಡನೇ ವರ್ಷ, ಪ್ರಾಣಿಶಾಸ್ತ್ರ. ಗೆಳತಿ ಸಾಕಿದ ದೊಡ್ಡ ಜೇಡ ಮರಿ ಮಾಡಿತಂತೆ, ಅದರಲ್ಲೊಂದನ್ನು ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ಇಳಕಲ್ಲಿಗೆ ಕರೆತಂದಳು. ಪಕ್ಕದ ಸೀಟಿನವರು "ಏನದ ತಂಗಿ, ಪೇಡೆ ಏನು?" ಎಂದು ಕೇಳಿದರಂತೆ. ಇವಳು ಹೂಂ ಎಂದಳಂತೆ.

ಕಾಳವ್ವ ಎಂಬ ಹೆಸರಿಟ್ಟವಳೂ ಅವಳೇ. ಅದಕ್ಕೆ ನಮ್ಮ ಅತ್ತೆಯವರು ಎರಡು ದಿನ ಮಾತು ಬಿಟ್ಟರು. ಅವರ ಸೋದರತ್ತೆಯ ಹೆಸರೂ ಕಾಳವ್ವ.

ನನ್ನನ್ನು ನೀವು ಬಲ್ಲಿರಿ. ಹುನಗುಂದ ಕೋರ್ಟಿನಲ್ಲಿ ವಕೀಲಿ ಮಾಡುವವಳು. ಬಾಯಿ ಜೋರು, ಸಿಟ್ಟು ಮೂಗಿನ ಮೇಲೆ. ಯಜಮಾನರು ಬಾದಾಮಿಯಲ್ಲಿ ನೌಕರಿ, ಶನಿವಾರ ಬಂದು ಸೋಮವಾರ ಹೋಗುತ್ತಾರೆ. ಮನೆಯಲ್ಲಿ ಉಳಿದವರು ಅತ್ತೆಯವರು, ನಾನು. ಮೊಟ್ಟೆ ಸಹ ಹೊಸ್ತಿಲು ದಾಟದ ಮನೆ ನಮ್ಮದು. ಅಂಥ ಮನೆಯಲ್ಲಿ ಜೀವಂತ ಮಿಡತೆ ತಿನ್ನುವ ಪ್ರಾಣಿಯನ್ನು ನನ್ನ ಮೇಲೆ ಹಾಕಿ, ಸಹನಾ ಮೂರು ವಾರದ ಕಾಲೇಜು ಕ್ಯಾಂಪಿಗೆಂದು ದಾಂಡೇಲಿ ಕಡೆ ಹೊರಟು ನಿಂತಳು.

"ಮಮ್ಮಿ, ನಿನ್ನ ಮ್ಯಾಲ ಬಿಟ್ಟು ಹೊಂಟೇನಿ" ಎಂದಳು.

ಇದರಲ್ಲೇನು ವಿಶೇಷ ಅನ್ನುತ್ತೀರಾ? ಇದೆ. ಹನ್ನೊಂದು ವರ್ಷಗಳಲ್ಲಿ ಅವಳು ತನ್ನದೆನ್ನುವ ಏನನ್ನೂ ನನ್ನ ಮೇಲೆ ಬಿಟ್ಟು ಹೋಗಿರಲಿಲ್ಲ.

ಅವಳಿಗೆ ಒಂಬತ್ತು ವರ್ಷವಿದ್ದಾಗ ನಮ್ಮ ಹಿತ್ತಲಲ್ಲಿ ಬೆಕ್ಕು ಮೂರು ಮರಿ ಹಾಕಿತ್ತು. ಇವಳು ಸಾಲೆಯಿಂದ ಬಂದವಳೇ ಹಿತ್ತಲಿಗೆ ಓಡುತ್ತಿದ್ದಳು. ನನಗೋ ಮನೆಯೆಲ್ಲ ಗಲೀಜು ಎಂಬ ಸಿಟ್ಟು. ಇವಳು ರಜೆಗೆ ಅಜ್ಜನ ಮನೆಗೆ ಹೋದ ದಿನವೇ ಮೂರೂ ಮರಿಗಳನ್ನು ಚೀಲದಲ್ಲಿ ಹಾಕಿ ಹಾಲಿನವನ ಕೈಗೆ ಕೊಟ್ಟೆ. ಯಾವುದೋ ಗೋದಾಮಿಗೆ ಬಿಟ್ಟನಂತೆ. ಮಗಳು ಬಂದು ಕೇಳಿದಾಗ, "ತಾಯಿಬೆಕ್ಕು ಮರಿ ಕರ್ಕೊಂಡು ಹೋತು" ಎಂದೆ. ತಿಂಗಳೊಪ್ಪತ್ತಿನಲ್ಲಿ ಹಾಲಿನವನೇ ಅವಳ ಮುಂದೆ ಬಾಯಿಬಿಟ್ಟ. ಅವಳು ನನ್ನನ್ನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಕೋರ್ಟಿನಲ್ಲಿ ಎದುರು ಪಾರ್ಟಿಯ ಸಾಕ್ಷಿಯನ್ನು ಗದರಿಸಿ ಸತ್ಯ ಹೊರಡಿಸುವ ನಾನು, ಮನೆಯಲ್ಲಿ ಹನ್ನೊಂದು ವರ್ಷ ಬಾಯಿ ಹೊಲಿದುಕೊಂಡು ಕೂತೆ.

ಹಾಗಾಗಿ ಈ ಸಲ ಕಾಳವ್ವನಿಗೆ ಏನೂ ಆಗಕೂಡದು. ಅಷ್ಟೇ.

ಸಹನಾ ಹೋಗುವಾಗ ಏಳು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದ್ದಳು. ಹೇಗೆ ನೀರಿಡಬೇಕು, ಎಷ್ಟು ದಿನಕ್ಕೆ ಮಿಡತೆ ಹಾಕಬೇಕು, ಎಲ್ಲ. ನಾನು ಎರಡು ನಿಮಿಷ ಕೇಳಿ, "ಇಷ್ಟೇ ತಾನೆ?" ಎಂದು ಫೋನು ಕೆಳಗಿಟ್ಟೆ. (ಕಕ್ಷಿದಾರರು ಕಾಗದ ಪೂರ್ತಿ ಓದದೆ ಸಹಿ ಮಾಡಿದರೆ ನಾನು ಹೇಗೆ ಬೈಯುತ್ತೇನೆ ಗೊತ್ತೇ?)

ಮೊದಲ ಮಿಡತೆ ಹಾಕಿದೆ. ಕಾಳವ್ವ ಹಿಂದೆ ಸರಿದಳು. ಮರುದಿನ ಇನ್ನೊಂದು ಹಾಕಿದೆ. ಮೂಲೆ ಸೇರಿದಳು. ಸಣ್ಣ ಜಿರಳೆ ಹಾಕಿದೆ. ಅದೇ ಇವಳ ಬೆನ್ನು ಹತ್ತಿ ಓಡಾಡಿತು.

ಊಟ ಬೇಡ ಅಂದರೆ ನಮ್ಮ ಕಡೆ ಯಾರು ನಂಬುತ್ತಾರೆ ಹೇಳಿ? ಮನೆಗೆ ಬಂದವರು ಸಾಕ್ರಿ, ಸಾಕ್ರಿ ಎಂದು ತಾಟಿಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಇನ್ನೊಂದು ರೊಟ್ಟಿ ತೂರಿಸುವವರು ನಾವು. ಬೇಡ ಅಂದರೆ ಒಂದೋ ಬೇನೆ, ಇಲ್ಲವೋ ಮುನಿಸು. ಮೂರನೆಯ ಕಾರಣವೇ ಇಲ್ಲ.

ಅತ್ತೆಯವರದು ಮುನಿಸಿನ ಪಕ್ಷ. "ನಮ್ಮ ಕಾಳವ್ವತ್ತಿನೂ ಹಿಂಗ ಇದ್ಲು. ಸಿಟ್ಟಿಗೆದ್ರ ಮೂರು ದಿನ ಉಣ್ತಿದ್ದಿಲ್ಲ. ಯಾರರ ಹೋಗಿ ರಮಿಸಬೇಕು" ಎಂದು ಡಬ್ಬಿಯ ಮುಂದೆ ಕೂತೇಬಿಟ್ಟರು. "ಉಣ್ಣವಾ, ಒಂದರ ಉಣ್ಣು. ಹುಡುಗಿ ಬಂದು ನಮ್ಮನ್ನ ಕೇಳ್ತೈತಿ" ಎಂದು ಗೋಗರೆದರು. ಒಂದು ದಿನ ನೋಡಿದರೆ ಡಬ್ಬಿಯೊಳಗೆ ಶೇಂಗಾ ಹೋಳಿಗೆಯ ಚೂರು. ಇರುವೆ ಬಂದು ನನ್ನ ಒಂದು ರವಿವಾರ ಹಾಳಾಯಿತು.

ಲಕ್ಕವ್ವನಿಗೂ ಹೇಳಿದೆ. ಕೂಡಲಸಂಗಮದ ಕಡೆಯವಳು, ನನ್ನ ಕಕ್ಷಿದಾರಳು. ಬೀರಪ್ಪನ ಒಕ್ಕಲು, ಮನೆತುಂಬ ಕುರಿ. ಕೇಸಿನ ತಾರೀಖಿಗೆ ಬಂದವಳಿಗೆ "ಬರೂ ಮುಂದ ನಾಕು ಸಣ್ಣ ಮಿಡಚಿ ಹಿಡಕೊಂಡು ಬಾರವಾ" ಎಂದರೆ ಅವಳು ನಗಲಿಲ್ಲ. ವಾರದೊಳಗೇ ಬಂದ ಮುಂದಿನ ತಾರೀಖಿಗೆ ಬುತ್ತಿ ಡಬ್ಬಿಯಲ್ಲಿ ತಂದುಕೊಟ್ಟಳು. ಜೊತೆಗೆ ಒಂದು ಮಾತು.

"ಕುರಿನೂ ಒಮ್ಮೊಮ್ಮೆ ಬಾಯಿ ಕಟ್ತಾವ್ರಿ ಮೇಡಂ. ಅವಕ್ಕ ತಮ್ಮ ಹೊಟ್ಟಿ ಗೊತ್ತಿರತೈತ್ರಿ. ನೀರಿಟ್ಟು ಸುಮ್ನ ಬಿಟ್ಟುಬಿಡ್ರಿ."

ಸುಮ್ಮನೆ ಬಿಡುವುದೇ? ನಾನೇ? ಅವಳು ಕೊಟ್ಟ ಮಿಡತೆಗಳಲ್ಲಿ ಎರಡನ್ನು ಅಂದೇ ಸಂಜೆ ಡಬ್ಬಿಗೆ ಬಿಟ್ಟೆ.

ಇಷ್ಟರ ಮಧ್ಯೆ ಮಗಳ ಫೋನು ಬರುತ್ತಲೇ ಇತ್ತು. ದಿನಾ ಬೆಳಿಗ್ಗೆ ಎಂಟೂವರೆಗೆ, ನಾಷ್ಟಾ ಮಾಡುವ ಜಾಗದಲ್ಲಿ ಮಾತ್ರ ಅವರಿಗೆ ಸಿಗ್ನಲ್.

"ಕಾಳವ್ವ ಹ್ಯಾಂಗದಾಳ?"

"ಆರಾಮ ಅದಾಳ."

"ಉಂಡ್ಳು?"

"ಹೂಂ. ಉಂಡ್ಳು."

ಕೇಳಿದಿರಾ? ಎಷ್ಟು ಸಲೀಸು! ಇವತ್ತು ಉಣ್ಣಲಿಲ್ಲ, ನಾಳೆ ಉಂಡೇ ಉಣ್ಣುತ್ತಾಳೆ, ಅಷ್ಟಕ್ಕೆ ಹುಡುಗಿಗೇಕೆ ಚಿಂತೆ? ತಾಯಂದಿರ ಸುಳ್ಳಿಗೆಲ್ಲ ಇದೇ ಸಮಜಾಯಿಷಿ. ಖರೆ ಹೇಳಬೇಕೆಂದರೆ, ನನಗೆ ಅಂಜಿಕೆ. ಮತ್ತೆ ನನ್ನ ಕೈಯಲ್ಲೇ ಕೆಟ್ಟಿತು ಎಂದಾಳೆಂಬ ಅಂಜಿಕೆ.

ಹದಿಮೂರನೆಯ ದಿನ, ಬೆಳಿಗ್ಗೆ ಏಳು. ಕೋರ್ಟಿಗೆ ಹೋಗುವ ಗಡಿಬಿಡಿ. ಚಹಾಕ್ಕಿಟ್ಟು ಡಬ್ಬಿಯ ಕಡೆ ಕಣ್ಣು ಹಾಯಿಸಿದೆ.

ಕಾಳವ್ವ ಅಂಗಾತ ಬಿದ್ದಿದ್ದಳು. ಹೊಟ್ಟೆ ಮೇಲೆ, ಕಾಲು ಮೇಲೆ. ಡಬ್ಬಿ ತಟ್ಟಿದೆ. ಅಲುಗಾಟವಿಲ್ಲ. "ಕಾಳವ್ವಾ" ಎಂದು ಕರೆದೆ. (ಜೇಡವನ್ನು ಹೆಸರು ಹಿಡಿದು ಕರೆದರೆ ಓಗೊಡುತ್ತದೆಯೇ? ಆ ಹೊತ್ತಿಗೆ ಅಷ್ಟು ಬುದ್ಧಿ ಎಲ್ಲಿ!) ಚಹಾ ಉಕ್ಕಿ ಸುರಿದದ್ದೂ ಗೊತ್ತಾಗಲಿಲ್ಲ. ಕೂತು ಅತ್ತುಬಿಟ್ಟೆ. ನಾನು, ಒಂದು ಜೇಡಕ್ಕೆ.

ಅತ್ತೆಯವರು ಬಂದು ನೋಡಿದರು. ಒಳಗೆ ಹೋಗಿ ವಿಭೂತಿ ತಂದರು. ನಮ್ಮಲ್ಲಿ ಸುಡುವ ಪದ್ಧತಿಯಿಲ್ಲ, ಹೂಳುತ್ತೇವೆ. ನಾನು ಕಣ್ಣೊರೆಸಿಕೊಂಡು ಕರಿಬೇವಿನ ಗಿಡದ ಬುಡದಲ್ಲಿ ಗೇಣುದ್ದದ ಗುಂಡಿ ತೋಡಿದೆ. ತೋಡುತ್ತ ತೋಡುತ್ತ ಸುಳ್ಳೂ ತಯಾರಾಯಿತು.

"ಮುಚ್ಚಳ ತಗದಾಗ ಓಡಿ ಹೋತು ಅಂತ ಹೇಳಿದ್ರ ಆತ್ರಿ ಅತ್ತಿ. ಎಲ್ಲೋ ಅಡವ್ಯಾಗ ಆರಾಮ ಐತಿ ಅಂತ ತಿಳಕೋತಾಳ."

ಅತ್ತೆಯವರು ನನ್ನ ಮುಖವನ್ನೇ ದಿಟ್ಟಿಸಿದರು.

"ಶೋಭಾ, ಅಕಿ ಇನ್ನೂ ಆ ಬೆಕ್ಕಿನ ಮರಿ ಹುಡಕಾಕತ್ತಾಳವಾ."

ನಾನು ಕೈಯ ಮಣ್ಣು ಒರೆಸಿಕೊಂಡೆ.

"ಮಾರಿ ತೋರಿಸದ ಮಣ್ಣು ಕೊಡೂದು ಬ್ಯಾಡ" ಎಂದರು. "ಮಾರಿ ನೋಡಲಿಲ್ಲಂದ್ರ ಹೋದವ್ರು ಹೋಗ್ಯಾರ ಅಂತ ಮನಸ್ಸು ಒಪ್ಪೂದಿಲ್ಲ. ಅಕಿ ಬರಾಕ ಆಗೂದಿಲ್ಲ ಖರೆ, ಆದ್ರ ಫೋನಿನ್ಯಾಗ ತೋರಸು. ಅಲ್ಲೀತನ ಕಾಯೋಣು."

ನಿಮಗೂ ಗೊತ್ತಿರುವ ಪದ್ಧತಿಯೇ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಊರೆಲ್ಲ ನೆರೆದಿದ್ದರೂ, ಗುಂಡಿ ತೋಡಿದ್ದರೂ, ದೂರದ ಮಗಳು ಬಂದು ಮುಖ ನೋಡದೆ ಮಣ್ಣು ಬೀಳುವುದಿಲ್ಲ. ಬಸ್ಸು ತಪ್ಪಿತಂತೆ, ಕೆರೂರ ದಾಟಿದರಂತೆ ಎನ್ನುತ್ತ ಕಟ್ಟೆಯ ಮೇಲೆ ಕಾಯುತ್ತ ಕೂರುತ್ತಾರೆ. ನಾವಿಬ್ಬರೂ ಹಾಗೇ ಕೂತೆವು. ಡಬ್ಬಿಯ ಒಂದು ಕಡೆ ಅವರು, ಒಂದು ಕಡೆ ನಾನು. ಹತ್ತಿರ ಹತ್ತಿರ ಒಂದು ತಾಸು.

ಎಂಟೂವರೆಗೆ ವಿಡಿಯೋ ಕಾಲ್ ಹಚ್ಚಿದೆ.

"ಸಹನಾ, ಕಾಳವ್ವ ಹೋದ್ಲು" ಎಂದೆ. "ನಾ ನಿನಗ ಸುಳ್ಳು ಹೇಳೇನಿ. ನೀ ಹೋದಾಗಿಂದ ಅಕಿ ಏನೂ ಉಂಡಿಲ್ಲ. ಒಂದು ದಿನಾನೂ ಉಂಡಿಲ್ಲ. ಕ್ಷಮಾ ಮಾಡವಾ."

ಅವಳು ಬಿಳಿಚಿಕೊಂಡಳು. "ತೋರಸು."

ತೋರಿಸಿದೆ. ಕಾಡಿನ ಸಿಗ್ನಲ್ಲಿಗೆ ಅತ್ತ ಚಿತ್ರ ಮಸುಕು.

"ಮಮ್ಮಿ, ಕಾಲು ಮುದುಡ್ಯಾವೋ, ಚಾಚ್ಯಾವೋ? ಸರಿಯಾಗಿ ನೋಡಿ ಹೇಳು."

"ಚಾಚ್ಯಾವ."

"ಎಂಟೂ?"

"ಎಂಟೂ."

ದಾಂಡೇಲಿಯ ಕಾಡಿಗೆ ಕಾಡೇ ಬೆಚ್ಚುವ ಹಾಗೆ ಕೂಗಿದಳು. "ಮುಟ್ಟಬ್ಯಾಡ್ರಿ! ಯಾರೂ ಮುಟ್ಟಬ್ಯಾಡ್ರಿ! ಅಕಿ ಸತ್ತಿಲ್ಲ, ಪೊರಿ ಬಿಡಾಕತ್ತಾಳ! ಅಜ್ಜಿ, ಅದೇನ ಕೈಯಾಗ? ವಿಭೂತಿ ಒಳಗ ಇಡ್ರಿ!"

ಜೇಡ ಸತ್ತರೆ ಕಾಲು ಒಳಗೆ ಮುದುಡುತ್ತವಂತೆ. ಪೊರೆ ಬಿಡುವಾಗ ಹೀಗೆ ಅಂಗಾತ ಮಲಗಿ ಚಾಚುತ್ತವಂತೆ. ಅದಕ್ಕೆ ಮುಂಚೆ ದಿನಗಟ್ಟಲೆ ಉಣ್ಣುವುದಿಲ್ಲವಂತೆ. ಎಲ್ಲವೂ ಆ ವಾಯ್ಸ್ ಮೆಸೇಜಿನ ಮೂರನೆಯ ನಿಮಿಷದಲ್ಲಿ ಇತ್ತಂತೆ.

"ಮಮ್ಮಿ, ಡಬ್ಬಿಯೊಳಗ ಮಿಡಚಿ ಏನರ ಅದಾವ?"

ಮೊದಲಿನವನ್ನೆಲ್ಲ ತೆಗೆದುಬಿಟ್ಟಿದ್ದೆ. ಲಕ್ಕವ್ವ ಕೊಟ್ಟವುಗಳಲ್ಲಿ ಎರಡು ಬಿಟ್ಟಿದ್ದೆ. ಒಂದು ಸತ್ತದ್ದನ್ನು ತೆಗೆದಿದ್ದೆ. ಇನ್ನೊಂದು?

"ತಗೀಬೇಕು ಈಗ. ಅಕಿ ಮೈ ಈಗ ಬೆಣ್ಣಿ ಇದ್ದಂಗ ಇರತೈತಿ. ಮಿಡಚಿ ಕಡದ್ರ ಖರೇನ ಸಾಯ್ತಾಳ."

ತೊಗಟೆಯ ಚೂರಿನ ಅಡಿಯಲ್ಲಿತ್ತು ಅದು, ಕಾಳವ್ವನ ಕಾಲಿಗೆ ನಾಲ್ಕು ಬೆರಳು ದೂರ. ಅತ್ತೆಯವರು ಡಬ್ಬಿ ಅಲುಗದಂತೆ ಹಿಡಿದರು. ನಾನು ಉದ್ದನೆಯ ಚಿಮಟ ಹಿಡಿದು ಉಸಿರು ಬಿಗಿಹಿಡಿದೆ. ಮೊದಲ ಸಲ ತಪ್ಪಿತು. ಮಿಡತೆ ಚಂಗನೆ ಹಾರಿ ಕಾಳವ್ವನ ತಲೆಯ ಪಕ್ಕವೇ ಕೂತಿತು. "ಯಪ್ಪಾ ಶಿವನ" ಎಂದರು ಅತ್ತೆಯವರು. ಫೋನಿನಲ್ಲಿ ಮಗಳು ಕಣ್ಣು ಮುಚ್ಚಿಕೊಂಡಿದ್ದಳು. ಎರಡನೆಯ ಸಲ ಸಿಕ್ಕಿತು.

ಆ ದಿನ ಕೋರ್ಟಿಗೆ ಒಂದು ತಾಸು ತಡವಾಗಿ ಹೋದೆ. ಕಾರಣ ಕೇಳಿದವರಿಗೆ "ಮನ್ಯಾಗ ಹೆರಿಗಿ ಇತ್ರಿ" ಎಂದೆ. ಹೆಚ್ಚುಕಮ್ಮಿ ಅದೇ ತಾನೆ? ಸಂಜೆ ಮನೆಗೆ ಬಂದರೆ ಅತ್ತೆಯವರು ಬಾಗಿಲಲ್ಲೇ ನಿಂತಿದ್ದರು.

"ಏ ಶೋಭಾ, ಎರಡಾದ್ವಲ್ಲ!"

ಒಂದು, ಕಾಲು ಕೂದಲು ಎಲ್ಲ ಇದ್ದೂ ಒಳಗೆ ಟೊಳ್ಳಾದ ಹಳೆಯ ಪೊರೆ. ಪಕ್ಕದಲ್ಲಿ ಕಾಳವ್ವ, ಹೊಸದಾಗಿ, ಮೊದಲಿಗಿಂತ ದೊಡ್ಡದಾಗಿ, ತನ್ನ ಕಾಲ ಮೇಲೆ ತಾನು ನಿಂತಿದ್ದಳು. ನನಗೆ ಮತ್ತೆ ಅಳು ಬಂತು. ಈ ಸಲ ಅತ್ತೆಯವರೂ ಅತ್ತರು.

ಆಮೇಲಿನ ಒಂದು ವಾರ ನನ್ನ ಜೀವನದ ಕಷ್ಟದ ವಾರ. ಏನೂ ಹಾಕಬಾರದು, ನೀರು ಮಾತ್ರ ಎಂದು ಮಗಳ ಆಜ್ಞೆ. ಹಸಿದವರ ಮುಂದೆ ಕೈಕಟ್ಟಿ ಕೂರುವುದು ಎಂಥ ಶಿಕ್ಷೆ ಅಂತೀರಿ! ಎರಡು ಸಲ ಮಿಡತೆಯ ಡಬ್ಬಿಗೆ ಕೈ ಹಾಕಿ ಅತ್ತೆಯವರಿಂದ ಬೈಸಿಕೊಂಡೆ. ಆದರೆ ದಿನಾ ಎಂಟೂವರೆಗೆ ಮಗಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಿಡತೆಗೆ ಕೈ ಹಾಕಿದ್ದನ್ನೂ ಹೇಳಿದೆ. ಅವಳು ನಕ್ಕಳು.

ಕ್ಯಾಂಪು ಮುಗಿಸಿ ಬಂದವಳು ಕಾಲು ಸಹ ತೊಳೆಯದೆ ಡಬ್ಬಿಯ ಮುಂದೆ ಕೂತಳು. ಒಂದು ಸಣ್ಣ ಮಿಡತೆ ಬಿಟ್ಟಳು. ಕಾಳವ್ವ ಮುಂದಿನ ಎರಡು ಕಾಲೆತ್ತಿ ಸುಮ್ಮನೆ ನಿಂತಳು. ನಾವು ಮೂವರೂ ಸುಮ್ಮನೆ ನಿಂತೆವು. ಆಮೇಲೆ ಒಂದೇ ನೆಗೆತ.

"ಉಂಡ್ಳು!" ಎಂದು ಅತ್ತೆಯವರು ಕೈಮುಗಿದರು. ಮೊಟ್ಟೆಯ ವಾಸನೆಗೆ ಮೂಗು ಮುಚ್ಚಿಕೊಳ್ಳುವ ಜೀವ!

ಊಟಕ್ಕೆ ಕೂತಾಗ ನಾನೇ ಬಾಯಿ ತೆರೆದೆ. "ಸಹನಾ, ಆ ಬೆಕ್ಕಿನ ಮರಿ... ನಾನ ಕೊಟ್ಟು ಕಳಿಸಿದ್ದೆ. ಭಾಳ ದೊಡ್ಡ ತಪ್ಪು ಮಾಡಿದೆ."

"ಗೊತ್ತು ಮಮ್ಮಿ."

"ಮತ್ತ ಯಾಕ ಕೇಳಲಿಲ್ಲ?"

"ನೀನ ಹೇಳ್ತಿ ಅಂತ ಕಾಯಾಕತ್ತಿದ್ದೆ" ಎಂದು ತಾಟು ಮುಂದೆ ಸರಿಸಿದಳು. "ಇನ್ನೊಂದ ರೊಟ್ಟಿ ಹಾಕು."

ಹಾಕಿದೆ. ಮನಸ್ಸು ಇಷ್ಟು ಹಗುರಾಗಿ ಎಷ್ಟು ವರ್ಷವಾಗಿತ್ತೋ.

ಅಲ್ಲ, ಸತ್ತವರ ಮುಖವನ್ನು ಮಕ್ಕಳಿಗೆ ತೋರಿಸಲು ಊರೇ ಕಾದು ಕೂರುತ್ತದೆ, ಬದುಕಿರುವ ನಾವು ನಮ್ಮ ಮುಖವನ್ನು ಅವರಿಗೆ ತೋರಿಸುವುದು ಯಾವಾಗ?