ಪಕ್ಕದ ಸೀಟಿನ ಬ್ರೇಕು

ಬೆಳಗಿನಿಂದ ಸಂಜೆವರೆಗೆ ಕಾರಿನಲ್ಲೇ ಇರುವ ಹೆಂಗಸು ಒಂದು ದಿನವೂ ಮನಸಾರೆ ಕಾರು ಓಡಿಸಿಲ್ಲ ಅಂದರೆ ಯಾರಾದರೂ ನಂಬುತ್ತಾರೆಯೇ? ನಂಬಲೇಬೇಕು. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು ಕೂರುವುದು ಪಕ್ಕದ ಸೀಟಿನಲ್ಲಿ. ಸ್ಟೀರಿಂಗು, ಗೇರು, ಆಕ್ಸಿಲರೇಟರು ಎಲ್ಲ ಕಲಿಯುವವರ ಪಾಲು. ಇವಳ ಕಾಲಡಿಗೆ ಇದ್ದದ್ದು ಒಂದು ಬ್ರೇಕು ಮಾತ್ರ. ಎರಡೂ ಕಡೆಯ ಬ್ರೇಕಿನ ನಡುವೆ ಒಂದು ಕಬ್ಬಿಣದ ಸರಳು; ಒಂದನ್ನು ಒತ್ತಿದರೆ ಇನ್ನೊಂದೂ ಬಗ್ಗುತ್ತಿತ್ತು. ಕಲಿಯಲು ಬರುವವರು ಎದುರಿಗೆ ಟೀಚರ್ ಅನ್ನುತ್ತಿದ್ದರು, ಬೆನ್ನ ಹಿಂದೆ ಬ್ರೇಕಕ್ಕ. ಅದು ಅವಳಿಗೂ ಗೊತ್ತಿತ್ತು.

ಸ್ಕೂಲು ಅಣ್ಣನದು. ಬೋರ್ಡಿನ ಮೇಲೆ ಅವನ ಹಲ್ಲು ಕಿರಿದ ಫೋಟೋ. ಆದರೆ ಆ ಮಹಾನುಭಾವ ಕಲಿಸುವುದನ್ನು ಬಿಟ್ಟು ಯಾವ ಕಾಲವಾಗಿತ್ತೋ! ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕುರ್ಚಿ ಬಿಸಿ ಮಾಡುವುದೇ ಅವನ ಕೆಲಸ. ಸಂಜೆ ಶಟರ್ ಎಳೆಯುವ ಹೊತ್ತಿಗೆ ಮಾತಿಲ್ಲದೆ ಕೈ ಚಾಚುತ್ತಿದ್ದ. ಇವಳು ಕೀ ಕೊಡಬೇಕು. ಅವನು ಕಾರಿನಲ್ಲಿ ಮನೆಗೆ, ಇವಳು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು. ಒಂದು ಭಾನುವಾರ ಗಾಡಿ ಕೊಡೋ ಅಂತ ಬಾಯಿಬಿಟ್ಟು ಕೇಳಿದ್ದಕ್ಕೆ, "ವಾರವೆಲ್ಲಾ ಕಾರಲ್ಲೇ ಇರ್ತೀಯಲ್ಲ, ಇನ್ನೂ ಸಾಕಾಗಿಲ್ವಾ?" ಅಂದಿದ್ದ. ಅವತ್ತು ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು.

ಊರ ಹೊರಗೆ ರೇಸ್ ಟ್ರ್ಯಾಕ್ ಇತ್ತು. ಗಾಳಿ ಈ ಕಡೆ ಬೀಸಿದಾಗ ಎಂಜಿನ್ನುಗಳ ಸದ್ದು ಕೇಳಿಸುತ್ತಿತ್ತು. ಅವಳು ಪಾಠದ ನಡುವೆ ಕಿಟಕಿ ಇಳಿಸಿ ಕಿವಿಗೊಡುತ್ತಿದ್ದಳು. ಅದೆಲ್ಲ ದುಡ್ಡಿದ್ದವರ ಆಟ ಎಂದೇ ಅವಳ ಎಣಿಕೆ. ಕಾರು ಕಲಿಯಲು ಬರುತ್ತಿದ್ದ ಕ್ಷೌರದಂಗಡಿಯವನು ಒಂದು ದಿನ ಅವಳ ಬಾಯಲ್ಲಿ ಆ ಮಾತು ಕೇಳಿ ನಕ್ಕುಬಿಟ್ಟ.

"ರೇಸ್ ಕಾರೇ ಆಗ್ಬೇಕು ಅಂತ ಯಾರು ಹೇಳಿದ್ರು ಟೀಚರ್? ಅಲ್ಲಿನ ಕಾರು ಬಾಡಿಗೆಗೆ ತಗೊಂಡ್ರೆ ದುಬಾರಿ, ನಿಜ. ತಿಂಗಳಿಗೊಂದು ಭಾನುವಾರ ಎಲ್ರಿಗೂ ಗೇಟ್ ತೆಗೀತಾರೆ. ನಮ್ಮ ಗಾಡೀನೇ ತಗೊಂಡ್ಹೋಗ್ಬೋದು. ಬ್ರೇಕು, ಟೈರು ನೋಡ್ತಾರೆ, ಹೆಲ್ಮೆಟ್ ಅವ್ರೇ ಕೊಡ್ತಾರೆ. ಮನೆ ಮಂದಿಯೆಲ್ಲ ಸಿನಿಮಾಕ್ಕೆ ಹೋದಷ್ಟು ಖರ್ಚು. ಇಪ್ಪತ್ತು ನಿಮಿಷ ನಿಮ್ಮಿಷ್ಟ ಬಂದ ಹಾಗೆ ಓಡ್ಸಿ!"

ಇಪ್ಪತ್ತು ನಿಮಿಷ ನಿಮ್ಮಿಷ್ಟ. ಅವಳಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಅಣ್ಣನಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಟ್ಟ ಹತ್ತಲಾರದವಳು ಬೆಟ್ಟ ಹತ್ತೋಕೆ ಹೊರಟ್ಲಂತೆ!" ಅಲ್ಲ, ಅಟ್ಟದ ಏಣಿ ಎತ್ತಿಟ್ಟವನೇ ಈ ಮಾತು ಹೇಳಬೇಕೆ? ಅವಳು ಅವನೊಂದಿಗೆ ಮಾತು ಬಿಟ್ಟಳು. ಪಾಠ ಮುಗಿಸಿ ಬಂದು ಕೀಯನ್ನು ಮೇಜಿನ ಮೇಲೆ ಕುಕ್ಕಿ ಹೋಗುತ್ತಿದ್ದಳು. ಕೊನೆಗೆ ಅವನೇ ಸೋತ. "ಆಯ್ತು ಮಾರಾಯ್ತಿ, ಹೋಗೋಣ. ಆದ್ರೆ ಪಕ್ಕದಲ್ಲಿ ನಾನಿರ್ತೀನಿ. ಗಾಡಿ ನನ್ನದು."

ಸಿಕ್ಕಿದ್ದೇ ಸೀರುಂಡೆ ಅಂತ ಅವಳು ಒಪ್ಪಿಕೊಂಡಳು. ಪಕ್ಕದ ಸೀಟು ಅಂದರೆ ಯಾವ ಸೀಟು ಎಂದು ಆ ಖುಷಿಯಲ್ಲಿ ತಲೆಗೇ ಹೊಳೆಯಲಿಲ್ಲ.

ಟ್ರ್ಯಾಕಿನಲ್ಲಿ ಗಾಡಿ ತಪಾಸಣೆ ಮಾಡುವವನು ಟೈರು ಒದ್ದು ನೋಡಿದ, ಕಾರಿನ ತಲೆ ಮೇಲಿನ ಸ್ಕೂಲಿನ ಬೋರ್ಡು ಬಿಚ್ಚಿಸಿದ, ಒಳಗೆ ಬಗ್ಗಿದವನು ಹುಬ್ಬೇರಿಸಿದ. "ಇದೇನಮ್ಮಾ, ಎರಡೆರಡು ಬ್ರೇಕು?"

"ಇನ್ನೊಂದಕ್ಕೆ ಇವತ್ತು ರಜ," ಅಂದಳು ಅವಳು.

ಎಲ್ಲಿಯ ರಜ! ಮೊದಲ ತಿರುವು ದಾಟಿ ನೇರ ದಾರಿ ಬಂತು. ಮೂರನೇ ಗೇರು, ನಾಲ್ಕನೆಯದು. ಹುಟ್ಟಿದಾಗಿನಿಂದ ಎರಡನೇ ಗೇರಿನಲ್ಲಿ ಕೆಮ್ಮಿಕೊಂಡಿದ್ದ ಎಂಜಿನ್ನು ಗಂಟಲು ಬಿಚ್ಚಿತು. ಅವಳ ಎದೆ ತುಂಬಿ ಬಂತು. ಅಷ್ಟರಲ್ಲಿ ಕಾರಿನ ಮೂತಿ ಕೆಳಕ್ಕೆ ಮುಗ್ಗರಿಸಿ, ಬೆಲ್ಟು ಭುಜ ಕಚ್ಚಿತು. ಅವಳ ಕಾಲು ಆಕ್ಸಿಲರೇಟರಿನ ಮೇಲೇ ಇತ್ತು.

"ಅಣ್ಣಾ, ಕಾಲು ತೆಗಿ!"

"ಜೋರಾಯ್ತು ಕಣೇ."

"ಜೋರಾಗ್ಲಿ ಅಂತಾನೇ ಬಂದಿರೋದು!"

ಕೇಳಿದನೇ? ಮತ್ತೆ ಒತ್ತಿದ, ಮತ್ತೆ ಮತ್ತೆ ಒತ್ತಿದ. ಹಿಂದಿನವರು ಒಬ್ಬೊಬ್ಬರಾಗಿ ಮುಂದೆ ಹೋದರು. ಬಾವುಟದವನು ದಾರಿ ಬಿಡಿ ಎಂದು ಅವಳಿಗೇ ಬೀಸಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. ಅವಳ ಪಿತ್ತ ನೆತ್ತಿಗೇರಿತು. ಬ್ರೇಕು ಒತ್ತುವುದಕ್ಕೂ ಒಂದು ನ್ಯಾಯವಿದೆ ಸ್ವಾಮಿ. ಇಷ್ಟು ವರ್ಷದಲ್ಲಿ ಅವಳು ಒತ್ತಿದ್ದು ಮಗುವೋ ಲಾರಿಯೋ ಅಡ್ಡ ಬಂದಾಗ, ಮಿಕ್ಕಂತೆ ಕಲಿಯುವವರ ಗಾಡಿ ಕಲಿಯುವವರದು. ಇಲ್ಲಿ ಅಡ್ಡ ಬಂದದ್ದು ಏನು? ಖಾಲಿ ದಾರಿ, ಅಗಲವಾದ ದಾರಿ, ಮತ್ತು ಮುಂದಕ್ಕೆ ಹೋಗುತ್ತಿರುವ ತಂಗಿ!

ಅವಳು ಗಾಡಿಯನ್ನು ಹೊರದಾರಿಗೆ ತಿರುಗಿಸಿ, ಗೋಡೆಯ ಪಕ್ಕ ನಿಲ್ಲಿಸಿದಳು.

"ಇಳಿ."

"ಏನಂದೆ?"

"ಇಳಿ ಅಂದೆ."

"ನನ್ನ ಗಾಡಿಯಿಂದ ನನ್ನನ್ನೇ ಇಳಿಸ್ತೀಯಾ? ಎಷ್ಟು ಕೊಬ್ಬು ನಿಂಗೆ!"

"ಗಾಡಿ ನಿಂದೇ ಅಣ್ಣ. ಹಾಗಾದ್ರೆ ನಾಳೆಯಿಂದ ಆ ಸೀಟೂ ನಿಂದೇ. ಕೋಳಿ ಕೂಗೋ ಹೊತ್ತಿಗೆ ಮೊದಲ ಪಾಠ. ಬರೋ ಮನುಷ್ಯ ಎದುರಿಗೆ ಲಾರಿ ಕಂಡ್ರೆ ಕಣ್ಣು ಮುಚ್ಕೋತಾನೆ. ನೋಡ್ಕೋ."

ಹೆಲ್ಮೆಟ್ಟಿನೊಳಗೆ ಅಣ್ಣನ ಕಣ್ಣು ಪಿಳಿಪಿಳಿ ಅಂದವು. ಕಾಲಡಿಯ ಬ್ರೇಕನ್ನು ನೋಡಿದ, ತಂಗಿಯನ್ನು ನೋಡಿದ. ಅವಳು ಮಾತಿಗೆ ಹೇಳುತ್ತಿಲ್ಲ ಎಂದು ಗೊತ್ತಾಯಿತು. ಏನೇನೋ ಗೊಣಗಿಕೊಂಡು ಇಳಿದ, ಬಾಗಿಲು ಧಡಾರನೆ ಹಾಕಿದ.

ಉಳಿದಿದ್ದು ಎರಡು ಸುತ್ತು ಹೊಡೆಯುವಷ್ಟು ಹೊತ್ತು. ಮೊದಲ ಸುತ್ತಿನಲ್ಲಿ ಅವಳು ಖಾಲಿ ಸೀಟಿಗೆ ಬೈದಳು. ಬಸ್ಸಿನ ಕಂಬಿಗೆ ಬೈದಳು, ಬೋರ್ಡಿನ ಫೋಟೋಗೆ ಬೈದಳು, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದ ತನಗೂ ಬೈದಳು. ಅಳು ಬಂತು, ಅತ್ತಳು, ಕಾಲು ಸಡಿಲಿಸಲಿಲ್ಲ. ಎರಡನೇ ಸುತ್ತಿಗೆ ಬೈಗುಳ ಮುಗಿದಿತ್ತು. ನೇರ ದಾರಿಯ ತುದಿಯವರೆಗೂ ಒತ್ತಿ ಹಿಡಿದು, ತಿರುವು ಇನ್ನೇನು ಬಂತು ಅನ್ನುವಾಗ ತಾನೇ ಬ್ರೇಕು ಒತ್ತಿದಳು. ಪಕ್ಕದ ಬ್ರೇಕೂ ತೆಪ್ಪಗೆ ಬಗ್ಗಿತು.

ಹೊರಗೆ ಬಂದಾಗ ಅಣ್ಣ ಕಾಯುತ್ತಿದ್ದ. ಅಭ್ಯಾಸಬಲ, ಕೈ ಚಾಚಿದ. "ಹೊತ್ತಾಯ್ತು, ಕೊಡು ಕೀ."

ಅವಳು ಸೀಟಿನಿಂದ ಏಳಲಿಲ್ಲ. ಇನ್ನೊಂದು ಕಡೆಯ ಬಾಗಿಲು ತಳ್ಳಿ ತೆಗೆದಳು.

"ಹತ್ತು. ಕಾಲು ಮಾತ್ರ ಮೇಲಿಟ್ಕೊ."

"ಮೇಲೆ ಅಂದ್ರೆ?"

"ಸೀಟಿನ ಮೇಲೆ. ಮಡ್ಚಿ."

ಅವನು ಸುತ್ತಮುತ್ತ ನೋಡಿದ. ಬಸ್ಸಿನ ಸುಳಿವೇ ಇಲ್ಲದ ಬಯಲು. ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹತ್ತಿದ. ಮನೆ ಬರುವವರೆಗೂ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡೇ ಕೂತಿದ್ದ.