ಮೂವತ್ತೆಂಟು ಪರ್ಸೆಂಟ್

ನಮ್ಮ ಬೀದಿಯಲ್ಲಿ ಅವನ ನಿಜವಾದ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಾನೆ, ತುಟಿಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಮಾತಾಡುತ್ತಾನೆ. ಹಾಗಾಗಿ ಸ್ಕ್ರೂ. ನಾನು ಪಕ್ಕದ ಅಂಗಡಿಯ ದರ್ಜಿ. ನಾನೂ ಗುಂಡುಸೂಜಿ ಕಚ್ಚಿಕೊಳ್ಳುವವನೇ, ಆದರೂ ಅಡ್ಡಹೆಸರು ಬಿದ್ದಿಲ್ಲ, ನನ್ನ ಪುಣ್ಯ.

ಅಂಗಡಿಯ ಮೇಲಿನ ಕೋಣೆಯಲ್ಲಿ ಅವನ ಅಕ್ಕ ಇದ್ದಳು. ಪಾರ್ಶ್ವವಾಯು ಹೊಡೆದು ಮಾತು ಹೋಗಿತ್ತು, ಬಲಗೈ ಬಿದ್ದುಹೋಗಿತ್ತು, ಗಾಲಿಕುರ್ಚಿಯೇ ಗತಿ. ಎಡಗೈಯ ಒಂದು ಬೆರಳಿನಿಂದ ಟೈಪ್ ಮಾಡಿದರೆ ಲ್ಯಾಪ್‌ಟಾಪ್ ಅದನ್ನು ಜೋರಾಗಿ ಓದುತ್ತಿತ್ತು. ಕಿಟಕಿಯಿಂದ ಆ ದನಿ ನನ್ನ ಹೊಲಿಗೆ ಯಂತ್ರದವರೆಗೂ ಬರುತ್ತಿತ್ತು. "ಏ ದರ್ಜಿ, ನಿನ್ನ ಕತ್ರಿಗಿಂತ ನಾಲಿಗೇನೇ ಹರಿತ" ಎಂದು ನನಗೂ ಬೈದಿದ್ದಾಳೆ. ಬಾಯಿ ಹೋದರೂ ಬಾಯಿ ಜೋರು.

ತೊಂದರೆ ಬ್ಯಾಟರಿಯದು. ಹಳೆಯ ಲ್ಯಾಪ್‌ಟಾಪ್. ಅದಕ್ಕೆ ಸ್ಕ್ರೂ ಹಾಕಿಕೊಟ್ಟಿದ್ದು ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಓಪನ್ ಸೋರ್ಸ್ ಸಿಸ್ಟಮ್. ಯಂತ್ರದೊಳಗೆ ಮೊದಲೇ ಬರೆದಿಟ್ಟ ಫರ್ಮ್‌ವೇರ್ ಅದಕ್ಕೆ ತಪ್ಪು ಲೆಕ್ಕ ಒಪ್ಪಿಸುತ್ತಿತ್ತು. ಮೂವತ್ತೆಂಟು ಪರ್ಸೆಂಟ್ ಎಂದು ತೋರಿಸುತ್ತಲೇ ಪಟ್ಟನೆ ಆರಿಹೋಗುತ್ತಿತ್ತು. ಕಿಟಕಿಯ ಹತ್ತಿರ ಪ್ಲಗ್ ಇರಲಿಲ್ಲ, ಅಕ್ಕ ಕಿಟಕಿ ಬಿಡುವವಳಲ್ಲ. ಅವಳ ಬೈಗುಳ ಅರ್ಧಕ್ಕೇ ನಿಲ್ಲುತ್ತಿತ್ತು.

ಸ್ಕ್ರೂ ಎಂಟು ತಿಂಗಳು ಕೂತು ತಿದ್ದುಪಡಿ ಬರೆದ. ಸಿಸ್ಟಮ್‌ನ ಆ ಭಾಗ ನೋಡಿಕೊಳ್ಳುವವನು ಎಲ್ಲಿಯವನೋ, ಇಮೇಲ್‌ನಲ್ಲಷ್ಟೇ ಪರಿಚಯ, ಆದರೆ ಅವನು ಒಪ್ಪದೆ ತಿದ್ದುಪಡಿ ಸಿಸ್ಟಮ್‌ಗೆ ಸೇರುವುದಿಲ್ಲ. ಅವನದು ಒಂದೇ ಹಟ. ತುಂಬಿದ ಬ್ಯಾಟರಿ ಪೂರ್ತಿ ಖಾಲಿಯಾಗುವವರೆಗೆ ನಿಮಿಷ ನಿಮಿಷದ ಅಳತೆ ಬೇಕು, ನಡುವೆ ಯಾರೂ ಒಂದು ಕೀ ಕೂಡ ಒತ್ತಿರಬಾರದು. ಎರಡು ಸಲ ಅಕ್ಕ ಮರೆತು ಟೈಪ್ ಮಾಡಿದ್ದಳು. ಎರಡು ಸಲವೂ ಅಳತೆ ವಾಪಸ್ ಬಂದಿತ್ತು. ಅವಳಿಗೆ ಅದು ತುಂಬಾ ಕೆಡುಕೆನಿಸಿತ್ತು.

ಮೂರನೆಯ ಸಲದ ಬೆಳಿಗ್ಗೆ ನಾನು ಅಲ್ಲೇ ಇದ್ದೆ, ಅವಳ ಅಂಗಿಯ ತೋಳಿನ ಅಳತೆಗೆ.

"ಅಕ್ಕಾ, ಇವತ್ತೊಂದಿನ ಮುಟ್ಟಬೇಡ. ಆಮೇಲೆ ದಿನವಿಡೀ ಬೈಯುವಂತೆ" ಎಂದ ಸ್ಕ್ರೂ.

ಅವಳು ಟೈಪ್ ಮಾಡಿದಳು. "ನಿನ್ನಾಣೆ ಮುಟ್ಟಲ್ಲ ಕಣೋ" ಎಂದಿತು ಲ್ಯಾಪ್‌ಟಾಪ್.

ಮಧ್ಯಾಹ್ನ ಅವನು ಊಟ ತೆಗೆದುಕೊಂಡು ಮೇಲೆ ಹೋದ. ಅಕ್ಕ ಕುರ್ಚಿಯಲ್ಲಿ ಒಂದು ಪಕ್ಕಕ್ಕೆ ವಾಲಿದ್ದಳು. ಎಡಗೈ ಮುಷ್ಟಿ ಬಿಗಿದು ತೊಡೆಯ ಮೇಲಿತ್ತು. ಒಂದು ಗೇಣು ದೂರದಲ್ಲಿ ಲ್ಯಾಪ್‌ಟಾಪ್ ತನ್ನ ಪಾಡಿಗೆ ಅಳೆಯುತ್ತಿತ್ತು.

ನಾವಿಬ್ಬರೂ ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಜೀವ ಹೋಗಿತ್ತು. "ಒಂದು ಗಂಟೆಯಿಂದಾದ್ರೂ ಎದೆನೋವು ಇದ್ದಿರಬೇಕು. ನಿಮ್ಮನ್ನ ಕರೀಲಿಲ್ವಾ?" ಎಂದರು ಡಾಕ್ಟರ್.

ಹತ್ತು ದಿನ ಬಿಟ್ಟು ಸ್ಕ್ರೂ ಅಂಗಡಿ ತೆರೆದ. ಅಳಲಿಲ್ಲ. ಗಿರಾಕಿಗಳ ಜೊತೆ ಎಂದಿನಂತೆಯೇ ಮಾತಾಡಿದ. ಆ ದಿನದ ಅಳತೆಯನ್ನು ಕಳಿಸಿಯೂಬಿಟ್ಟ. ಇಷ್ಟು ಚೊಕ್ಕವಾದ ಅಳತೆ ಇದೇ ಮೊದಲು ಎಂದು ಉತ್ತರ ಬಂತು, ತಿದ್ದುಪಡಿ ಒಪ್ಪಿತವಾಯಿತು. ಇನ್ನು ಆ ಮಾದರಿಯ ಲ್ಯಾಪ್‌ಟಾಪ್ ಯಾರ ಹತ್ತಿರ ಇದ್ದರೂ ಸರಿಯಾದ ಪರ್ಸೆಂಟ್ ತೋರಿಸುತ್ತದಂತೆ. ಇದನ್ನೆಲ್ಲ ಅವನು ಬಸ್ಸಿನ ಟೈಮು ಹೇಳಿದ ಹಾಗೆ ಹೇಳಿದ. ನನಗೆ ಮೈಯೆಲ್ಲ ಉರಿಯಿತು. ತಡೆಯಲಾರದೆ ಕೇಳಿಯೇಬಿಟ್ಟೆ.

"ಅವತ್ತು ಅವಳು ಮುಟ್ಟಿಬಿಟ್ಟಿದ್ರೆ ಏನಾಗ್ತಿತ್ತೋ?"

ಅವನು ಕೆಲಸದಿಂದ ತಲೆಯೆತ್ತಲಿಲ್ಲ.

"ಏನಿಲ್ಲ. ಇನ್ನೊಂದಿನ ಅಳೀಬೇಕಾಗ್ತಿತ್ತು."